ಖಾಲಿ ಕಾಲಂ

ನಮ್ಮ ಅಪ್ಪಯ್ಯ ಅರ್ಜಿಯಲ್ಲಿ ಒಂದು ಕಾಲಂ ಖಾಲಿ ಬಿಡುವ ಮನುಷ್ಯ ಅಲ್ಲ. ಮೂವತ್ತು ವರ್ಷ ಪೋಸ್ಟಾಫೀಸಿನಲ್ಲಿ ಕೂತವರು. ಮನಿ ಆರ್ಡರ್ ಫಾರಂನ ತುದಿಯಲ್ಲಿ ಎರಡು ಮಾತು ಬರೆಯಲು ಒಂದಿಷ್ಟು ಜಾಗ ಇರುತ್ತಿತ್ತಲ್ಲ, ಜನ ಅದನ್ನು ಹಾಗೇ ಬಿಟ್ಟು ಕೊಟ್ಟರೆ ಅವರಿಗೆ ತಡೆಯುತ್ತಿರಲಿಲ್ಲ. "ಎಂತಾದ್ರೂ ಬರಿ ಮಾರಾಯ, ಮಳೆ ಜೋರು ಅಂತಾದ್ರೂ ಬರಿ" ಎಂದು ಫಾರಂ ವಾಪಸ್ ದೂಡುತ್ತಿದ್ದರು. ಹಾಗಾಗಿ ತೀರ್ಥಹಳ್ಳಿ ಕಡೆಯಿಂದ ಹೋದ ಎಷ್ಟೋ ಮನಿ ಆರ್ಡರ್‌ಗಳಲ್ಲಿ, ಏಪ್ರಿಲ್ ತಿಂಗಳಲ್ಲೂ, ಮಳೆ ಜೋರು.

ಇಂಥವರ ಕೈಗೆ 1998ರಲ್ಲಿ ನನ್ನ ಕಾಲೇಜಿನ ಅರ್ಜಿ ಸಿಕ್ಕಿತು.

ಆಗ ಪಿಯುಸಿ ಸೈನ್ಸ್ ಮುಗಿಸಿದ ಎಲ್ಲರದ್ದೂ ಒಂದೇ ಲೆಕ್ಕ. ಸಿಇಟಿ ಬರೆಯುವುದು, ಇಂಜಿನಿಯರಿಂಗ್‌ಗೆ ಕಾಯುವುದು. ಫ್ರೀ ಸೀಟು ಸಿಕ್ಕಿದರೆ ಊರಿಗೆಲ್ಲ ಪೇಡ ಹಂಚುವುದು, ಪೇಮೆಂಟ್ ಸೀಟು ಸಿಕ್ಕಿದರೆ ತೋಟದ ಪತ್ರ ಎಲ್ಲಿದೆ ಅಂತ ಹುಡುಕುವುದು. ಎರಡೂ ಸಿಗದಿದ್ದರೆ? ಅದಕ್ಕೆ ಅಂತ ಒಂದು ಬಿಎಸ್ಸಿ ಸೀಟು ಹಿಡಿದಿಟ್ಟುಕೊಳ್ಳುವುದು. ರಶ್ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕ್ತೀವಲ್ಲ, ಹಾಗೆ. ನಮ್ಮ ಫಿಸಿಕ್ಸ್ ಮೇಷ್ಟ್ರು, "ಟವೆಲ್ ಹಾಕೋದಾದ್ರೆ ಮಂಗಳೂರಲ್ಲಿ ಹಾಕು, ಫಾದರ್‌ಗಳ ಕಾಲೇಜಲ್ಲಿ ಹಾಕು, ಶಿಸ್ತು ಇರ್ತದೆ" ಅಂದರು. ಶಿಸ್ತು ಎಂಬ ಮಾತು ಅಪ್ಪಯ್ಯನ ಕಿವಿಗೆ ಬಿದ್ದ ಮೇಲೆ ಮುಗಿಯಿತು.

ಮಂಗಳೂರಿನಲ್ಲಿ ಅಂಥ ಕಾಲೇಜು ಒಂದೆರಡಲ್ಲ. ಸೇಂಟ್ ಅಲೋಶಿಯಸ್ 1880ರದ್ದು, ಹುಡುಗಿಯರ ಸೇಂಟ್ ಆಗ್ನೆಸ್ 1921ರದ್ದು, ಆಮೇಲೆ ಬಂದವು ಬೇರೆ. ನಾನು ಅರ್ಜಿ ಹಾಕಿದ್ದು ಯಾವುದಕ್ಕೆ ಅಂತ ಮಾತ್ರ ಹೇಳುವುದಿಲ್ಲ. ಮರ್ಯಾದೆ ಪ್ರಶ್ನೆ. ಅವರದ್ದಲ್ಲ, ನಮ್ಮದು.

ಫಾರಂ ಇಂಗ್ಲಿಷಿನಲ್ಲಿತ್ತು. ಹೆಸರು, ಹುಟ್ಟಿದ ದಿನ, ಮಾರ್ಕ್ಸು ಎಲ್ಲ ಸಲೀಸಾಗಿ ಆಯಿತು. ಧರ್ಮ: ಹಿಂದೂ. ಅದರ ಕೆಳಗೆ ನಾಲ್ಕು ಕಾಲಂ ಒಂದು ಚೌಕದೊಳಗೆ ಇದ್ದವು. ಆ ಚೌಕದ ನೆತ್ತಿಯ ಮೇಲೆ 'ಕ್ಯಾಥೊಲಿಕ್ ಆಗಿದ್ದರೆ ಮಾತ್ರ' ಅಂತ ಸಣ್ಣಕ್ಷರದಲ್ಲಿ ಇತ್ತಂತೆ. ಇತ್ತಂತೆ ಅಂತ ಯಾಕೆ ಹೇಳ್ತಿದ್ದೀನಿ ಅಂದರೆ, ಪೋಸ್ಟಿನಲ್ಲಿ ಬಂದ ಆ ಫಾರಂ ಸರಿಯಾಗಿ ಅಲ್ಲೇ ಮಡಚಿಕೊಂಡಿತ್ತು, ಮಡಿಕೆಯ ಮೇಲೆ ಅಮ್ಮನ ಕಾಫಿ ಲೋಟದ ಗುರುತೂ ಬಿದ್ದಿತ್ತು.

ಮೊದಲನೆಯದು ಪ್ಯಾರಿಷ್. ಅಪ್ಪಯ್ಯ ನಿಘಂಟು ತೆಗೆದರು. ಪಾದ್ರಿಯೊಬ್ಬರ ವ್ಯಾಪ್ತಿಗೆ ಬರುವ ಊರು ಅಂತೇನೋ ಇತ್ತು. ಅವರಿಗೆ ಅದರಲ್ಲಿ 'ವ್ಯಾಪ್ತಿಗೆ ಬರುವ ಊರು' ಅಷ್ಟೇ ಕಂಡಿತು. "ಹೋಬಳಿ ಇದ್ದ ಹಾಗೆ" ಎಂದು ತೀರ್ಥಹಳ್ಳಿ ಅಂತ ಬರೆದರು. ಮುಂದಿನದು ಡಯಾಸಿಸ್. ಹೋಬಳಿ ಆದ ಮೇಲೆ ಜಿಲ್ಲೆ ತಾನೇ? ಶಿವಮೊಗ್ಗ.

ಮೂರನೆಯದು ಜ್ಞಾನಸ್ನಾನದ ದಿನಾಂಕ. ಇದಕ್ಕೆ ಅಮ್ಮನನ್ನು ಕರೆಸಿ ವಿಚಾರಣೆ ಆಯಿತು. ಅಮ್ಮ ಹಪ್ಪಳದ ಹಿಟ್ಟಿನ ಕೈಯಲ್ಲೇ ಬಂದು, "ಮಗುಗೆ ದಿನಾ ಸ್ನಾನ ಮಾಡಿಸ್ತಿದ್ದೆ, ಯಾವ ದಿನದ್ದು ಬೇಕು?" ಅಂದಳು. ಕೊನೆಗೆ ನಾಮಕರಣದ ದಿನ ಹಾಕಿದರು, ಹುಟ್ಟಿದ ಹನ್ನೆರಡನೇ ದಿನ.

ನಾಲ್ಕನೆಯದು ರೈಟ್. ಪಕ್ಕದಲ್ಲಿ ಮೂರು ಪುಟ್ಟ ಚೌಕ: ಲ್ಯಾಟಿನ್, ಸೀರೋ ಮಲಬಾರ್, ಸೀರೋ ಮಲಂಕರ. ಇದರಲ್ಲಿ ತಪ್ಪು ನನ್ನದೇ, ಅಪ್ಪಯ್ಯನ ಮೇಲೆ ಹಾಕುವುದಿಲ್ಲ. ಇದು ಸೆಕೆಂಡ್ ಲ್ಯಾಂಗ್ವೇಜ್ ಇರಬೇಕು ಅಂದೆ. ಹಳೇ ಕಾಲೇಜು, ಲ್ಯಾಟಿನ್ ಹೇಳಿಕೊಡ್ತಾರೇನೋ. ಮಲಬಾರ್ ಅಂದರೆ ಮಲಯಾಳಂ ಇರಬಹುದು, ಅದು ನಮಗೆ ಆಗಲ್ಲ. ನಾನು ಪಿಯುಸಿಯಲ್ಲಿ ಸಂಸ್ಕೃತ ತಗೊಂಡು ನೂರಕ್ಕೆ ತೊಂಬತ್ತೆಂಟು ತೆಗೆದಿದ್ದವನು. ಲ್ಯಾಟಿನ್ನೂ ಸಂಸ್ಕೃತದ ಹಾಗೇ, ಬಾಯಿಪಾಠ ಮಾಡಿದರೆ ಸ್ಕೋರಿಂಗು, ಅಂತ ಧೈರ್ಯವಾಗಿ ಟಿಕ್ ಹಾಕಿದೆ. ಅಷ್ಟರಲ್ಲಿ ನನಗೆ ನಿದ್ದೆ ಬಂತು. ಉಳಿದದ್ದನ್ನು ಅಪ್ಪಯ್ಯ ತಾವೇ ತುಂಬಿದರು. ಅದೊಂದು ರಾತ್ರಿ ನಾನು ಎದ್ದಿರಬೇಕಿತ್ತು.

ಸಂದರ್ಶನಕ್ಕೆ ಕರೆ ಬಂತು. ಜೂನ್ ತಿಂಗಳು. ಅಪ್ಪಯ್ಯನ ಬಗಲಲ್ಲಿ ಕೊಡೆ. ಬೆತ್ತದ ಹಿಡಿಯ ದೊಡ್ಡ ಕಪ್ಪು ಕೊಡೆ, ಬಿಡಿಸಿದರೆ ಒಳಗೆ ಒಂದು ಸಂಸಾರ ಹಿಡಿಸುತ್ತದೆ. ಬೆಳಗಿನ ಜಾವ ಮಿನಿ ಬಸ್ಸು ಹತ್ತಿದೆವು. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಒಂಬತ್ತನೆಯದರ ತನಕ ನಾನು ನ್ಯೂಟನ್ನನ ನಿಯಮಗಳನ್ನು ಬಾಯಿಪಾಠ ಮಾಡುತ್ತಿದ್ದೆ, ಹತ್ತರಿಂದ ಮುಂದೆ ಕಿಟಕಿಯ ಹೊರಗೆ ತಲೆ ಹಾಕಿ ಅವನ್ನೇ ಪ್ರಯೋಗ ಮಾಡಿ ತೋರಿಸಿದೆ. ಹಿಂದಿನ ಸೀಟಿನವರ ಬಗ್ಗೆ ಇವತ್ತಿಗೂ ಬೇಜಾರಿದೆ.

ದಾರಿಯುದ್ದಕ್ಕೂ ನನಗೆ ಒಂದೇ ತಯಾರಿ. ಮೇಷ್ಟ್ರು ಹೇಳಿಕೊಟ್ಟಿದ್ದರು: "ಸಿಇಟಿ ಸೀಟು ಸಿಕ್ಕಿದ್ರೆ ಬಿಟ್ಟು ಹೋಗ್ತೀಯಾ ಅಂತ ಕೇಳೇ ಕೇಳ್ತಾರೆ. ಇಲ್ಲ ಫಾದರ್, ನನಗೆ ಫಿಸಿಕ್ಸ್ ಅಂದ್ರೆ ಪ್ರಾಣ ಅನ್ನು. ಗೆಲಿಲಿಯೋ ಸುದ್ದಿ ಮಾತ್ರ ಎತ್ತಬೇಡ."

ಆಫೀಸಿನ ಮುಂದೆ ಬೆಂಚಿನ ಮೇಲೆ ಕೂತಿದ್ದೆವು. ಕ್ಲರ್ಕ್ ಮೇಡಂ ಒಂದು ಪಟ್ಟಿ ಹಿಡಿದು ಹೊರಗೆ ಬಂದರು. "ಡಿಸೋಜ. ಲೋಬೊ. ಪಿಂಟೊ. ಸುಬ್ರಹ್ಮಣ್ಯ. ವಾಸ್."

ಎಬಿಸಿಡಿ ಪ್ರಕಾರ ನೋಡಿದರೆ ತಪ್ಪೇನೂ ಇಲ್ಲ. ಆದರೂ ಮೇಡಂ ನನ್ನ ಹೆಸರಿಗೆ ಬಂದು ಒಮ್ಮೆ ನಿಂತರು, ಪಟ್ಟಿ ನೋಡಿದರು, ಅಪ್ಪಯ್ಯನ ಹಣೆಯ ಗಂಧ ನೋಡಿದರು. "ಎಂತ ಇದು? ನೀವು ಕ್ಯಾಥೊಲಿಕ್ ಲಿಸ್ಟಲ್ಲಿ ಉಂಟಲ್ಲ?"

"ಇದ್ರೆ ಒಳ್ಳೇದಾಯ್ತಲ್ಲ ಮೇಡಂ" ಅಂದರು ಅಪ್ಪಯ್ಯ. ಯಾವ ಲಿಸ್ಟಾದರೂ ಸರಿ, ಲಿಸ್ಟಿನಲ್ಲಿ ಹೆಸರಿದ್ದರೆ ಸಾಕು ಎನ್ನುವ ಜನ ನಾವು.

ಒಳಗೆ ಮೇಜಿನಾಚೆ ಕೂತಿದ್ದ ಫಾದರ್‌ಗೆ ಹೆಚ್ಚೆಂದರೆ ನಲವತ್ತು ವರ್ಷ. ಅಪ್ಪಯ್ಯನಿಗೆ ಐವತ್ತೈದು. ತನಗಿಂತ ಇಷ್ಟು ಸಣ್ಣವರನ್ನು ಫಾದರ್ ಅನ್ನಲು ಅವರ ನಾಲಿಗೆ ಹೊರಳಲಿಲ್ಲ, ಬರೀ ಸಾರ್ ಅಂದರೆ ಕಾವಿಯಷ್ಟೇ ತೂಕದ ಆ ಬಿಳಿ ನಿಲುವಂಗಿಗೆ ಅವಮಾನ ಆಗ್ತದೆ, ಅಂತ ಎರಡರ ನಡುವೆ ಒದ್ದಾಡಿ "ನಮಸ್ಕಾರ ಸ್ವಾಮೀ" ಎಂದುಬಿಟ್ಟರು. ನಾನು ನೆಲ ನೋಡಿದೆ. ಫಾದರ್ ನಕ್ಕರು. "ನಮ್ಮಲ್ಲೂ ಮೈಸೂರು ಕಡೆಯವರು ಸ್ವಾಮಿಗಳು ಅಂತಲೇ ಕರೆಯುವುದು. ಕೂತುಕೊಳ್ಳಿ." ಅಪ್ಪಯ್ಯ ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ.

ಫಾದರ್ ಅರ್ಜಿ ಬಿಡಿಸಿದರು. ಓದುತ್ತಾ ಹೋದ ಹಾಗೆ ಅವರ ಹುಬ್ಬು ಮೇಲೆ ಹೋಯಿತು.

"ಪ್ಯಾರಿಷ್, ತೀರ್ಥಹಳ್ಳಿ. ಡಯಾಸಿಸ್, ಶಿವಮೊಗ್ಗ. ಇದು ಸರಿ ಉಂಟು ನೋಡಿ, ಶಿವಮೊಗ್ಗ ಧರ್ಮಪ್ರಾಂತ್ಯ ಆಗಿ ಹತ್ತು ವರ್ಷ ಆಯಿತು, 1988ರಲ್ಲಿ." ನಾವಿಬ್ಬರೂ ತಲೆ ಆಡಿಸಿದೆವು, ನಾವೇ ಮಾಡಿಸಿದ ಹಾಗೆ. "ರೈಟ್, ಲ್ಯಾಟಿನ್. ಅದೂ ಸರಿ. ಎಲ್ಲ ಸರಿ ಉಂಟು. ಆದರೆ ಮೇಲೆ ಹಿಂದೂ ಅಂತ ಉಂಟಲ್ಲ?"

ಆಗ ನನಗೆ ಮಡಿಕೆಯ ಮೇಲಿನ ಸಣ್ಣಕ್ಷರ ಕಂಡಿತು. ಕಾಫಿ ಲೋಟದ ಉಂಗುರದ ನಡುವೆ, ಭೂತಗನ್ನಡಿ ಹಿಡಿದ ಹಾಗೆ ಸ್ಪಷ್ಟವಾಗಿ. ಅಪ್ಪಯ್ಯ ಮಾತ್ರ ಹೆದರಲಿಲ್ಲ. "ಕಾಲಂ ಇತ್ತು ಸ್ವಾಮೀ, ತುಂಬಿದ್ವಿ" ಅಂದರು. ಲ್ಯಾಟಿನ್ ಯಾಕೆ ಅಂತ ಕೇಳಿದಾಗ ನಾನು "ಸ್ಕೋರಿಂಗ್ ಸಬ್ಜೆಕ್ಟ್" ಅಂದೆ. ಪಕ್ಕದಲ್ಲಿದ್ದ ಕೆಮಿಸ್ಟ್ರಿ ಲೆಕ್ಚರರ್ ಕೆಮ್ಮು ಬಂದವರಂತೆ ಎದ್ದು ಕಿಟಕಿ ಹತ್ತಿರ ಹೋದರು. ರೈಟ್ ಅಂದರೆ ಪೂಜಾಪದ್ಧತಿ, ಇವು ಕ್ಯಾಥೊಲಿಕ್ ಸಭೆಯೊಳಗಿನ ಬೇರೆ ಬೇರೆ ಸಂಪ್ರದಾಯ ಅಂತ ಫಾದರ್ ವಿವರಿಸಿದರು. "ನಮ್ಮ ಸ್ಮಾರ್ತ, ಮಾಧ್ವ ಇದ್ದ ಹಾಗೆ" ಎಂದು ಅಪ್ಪಯ್ಯ ನನಗೆ ಅನುವಾದ ಮಾಡಿದರು. ಫಾದರ್ ಇದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಪೆನ್ನು ತೆಗೆದು ಇಡೀ ಚೌಕದ ಮೇಲೆ ಒಂದು ಅಡ್ಡಗೆರೆ ಎಳೆದರು. ಅಷ್ಟು ಕಾಲಂ ಒಟ್ಟಿಗೆ ಹೋದದ್ದು ಅಪ್ಪಯ್ಯನಿಗೆ ನೋವಾಯಿತು.

ಆಮೇಲೆ ಫಾದರ್ ಸ್ವಲ್ಪ ಸಡಿಲವಾಗಿ, "ಪಾದ್ರಿಗಳಲ್ಲಿ ವಿಜ್ಞಾನಿಗಳು ಯಾರಾದರೂ ಗೊತ್ತುಂಟಾ?" ಎಂದು ಕೇಳಿದರು. ಗೆಲಿಲಿಯೋ ಬೇಡ ಗೆಲಿಲಿಯೋ ಬೇಡ ಅಂತ ತಲೆಯೊಳಗೆ ಗಂಟೆ ಹೊಡೆಯುತ್ತಿತ್ತು. ಆ ಗಡಿಬಿಡಿಯಲ್ಲಿ ನನಗೆ ಗೊತ್ತಿದ್ದ ಒಬ್ಬರೇ ಪಾದ್ರಿಯ ಹೆಸರು ಹೊರಗೆ ಬಂತು. "ಕಿಟೆಲ್!"

"ಅವರು ನಿಘಂಟು ಮಾಡಿದ್ದು" ಅಂದರು ಫಾದರ್. ಒಂದು ಗಳಿಗೆ ಬಿಟ್ಟು, "ಮತ್ತೆ ಅವರು ಬಾಸೆಲ್ ಮಿಷನ್‌ನವರು, ಪ್ರೊಟೆಸ್ಟೆಂಟ್." ಒಂದೇ ಉತ್ತರದಲ್ಲಿ ಎರಡು ತಪ್ಪು. ಬಟಾಣಿ ಬೆಳೆದ ಮೆಂಡೆಲ್ ಮಠದಲ್ಲಿದ್ದವರು ಅಂತ ಪಿಯುಸಿ ಬಯಾಲಜಿಯಲ್ಲಿ ಓದಿಲ್ಲವಾ ಎಂದು ಕೇಳಿದರು. ಓದಿದ್ದೆ. ಬಟಾಣಿ ನೆನಪಿತ್ತು, ಮಠ ಮರೆತಿತ್ತು. ಮೆಂಡೆಲ್ ಕೂಡ ಮೇಷ್ಟ್ರಾಗುವ ಪರೀಕ್ಷೆಯಲ್ಲಿ ಫೇಲಾಗಿದ್ದರು, ಹೆದರಬೇಡ ಅಂತ ಸಮಾಧಾನ ಮಾಡಿದರು.

ಕೊನೆಗೆ ಆ ಪ್ರಶ್ನೆ ಬಂತು. "ಸಿಇಟಿಯಲ್ಲಿ ಸೀಟಾದರೆ ಬಿಟ್ಟು ಹೋಗ್ತೀಯಾ?"

ಇದಕ್ಕೇ ಅಲ್ವಾ ನಾನು ಕಾಯುತ್ತಿದ್ದದ್ದು. ಬೆನ್ನು ನೆಟ್ಟಗೆ ಮಾಡಿ, ಕಣ್ಣಲ್ಲಿ ಆದಷ್ಟು ನೀರು ತಂದುಕೊಂಡು, "ಇಲ್ಲ ಫಾದರ್, ನನಗೆ ಫಿಸಿಕ್ಸ್ ಅಂದ್ರೆ ಪ್ರಾಣ" ಅಂದೆ.

ಫಾದರ್ ಮಾತಾಡಲಿಲ್ಲ. ಅರ್ಜಿಯ ಹಿಂದಿನ ಪುಟ ತಿರುಗಿಸಿ ನನ್ನ ಮುಂದೆ ಇಟ್ಟರು. ಬೇರೆ ಯಾವ ಕೋರ್ಸಿಗೆ ಅರ್ಜಿ ಹಾಕಿದ್ದೀರಿ ಎಂಬ ಕಾಲಂ. ಅಲ್ಲಿ ಅಪ್ಪಯ್ಯನ ಮುತ್ತಿನಂಥ ಅಕ್ಷರ, ಇಲಾಖೆಯ ಇಂಗ್ಲಿಷು: ಐ ಬೆಗ್ ಟು ಸ್ಟೇಟ್ ಅಂತ ಶುರುವಾಗಿ, ಹುಡುಗ ಸಿಇಟಿ ಬರೆದಿದ್ದಾನೆ, ನಂಬರ್ ಇಂಥದ್ದು, ಇಂಜಿನಿಯರಿಂಗ್ ಸಿಕ್ಕಿದರೆ ಅದಕ್ಕೇ ಕಳಿಸುವುದು, ಸಿಗದಿದ್ದ ಪಕ್ಷದಲ್ಲಿ ಮಾತ್ರ ತಮ್ಮಲ್ಲಿಗೆ. ಜಾಗ ಸಾಲದೆ ಮಾರ್ಜಿನ್‌ಗೂ ಹತ್ತಿತ್ತು.

"ಕಾಲಂ ಇತ್ತು" ಅಂದರು ಅಪ್ಪಯ್ಯ, ಈ ಸಲ ಸ್ವಲ್ಪ ಮೆಲ್ಲಗೆ.

ಫಾದರ್‌ಗೆ ಆಗ ಬಂದ ನಗು ದೊಡ್ಡದು. ನಕ್ಕು ಮುಗಿಸಿ ಜಾರ್ಜ್ ಲೆಮೇತ್ರ್ ಅಂತ ಬೆಲ್ಜಿಯಂನ ಪಾದ್ರಿಯೊಬ್ಬರ ಕಥೆ ಹೇಳಿದರು. ಅವರು ಮೊದಲು ಕ್ಯಾಥೊಲಿಕ್ ಯೂನಿವರ್ಸಿಟಿಯೊಂದರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದರಂತೆ. ನಡುವೆ ಮೊದಲನೇ ಮಹಾಯುದ್ಧ ಬಂತು, ಹೋಗಿ ಹೋರಾಡಿ ಬಂದರು. ಬಂದ ಮೇಲೆ ಇಂಜಿನಿಯರಿಂಗ್ ಬಿಟ್ಟು ಗಣಿತ, ಫಿಸಿಕ್ಸ್ ಹಿಡಿದರು, 1923ರಲ್ಲಿ ಪಾದ್ರಿಯಾದರು, 1927ರಲ್ಲಿ ಈ ಬ್ರಹ್ಮಾಂಡ ಹಿಗ್ಗುತ್ತಿದೆ ಅಂತ ಲೆಕ್ಕ ಹಾಕಿ ತೋರಿಸಿದರು. ಎಲ್ಲ ಒಂದು ಕಾಲದಲ್ಲಿ ಒಂದು ಬಿಂದುವಿನಿಂದ ಶುರುವಾಗಿರಬೇಕು ಎಂಬ ವಿಚಾರವೂ ಅವರದ್ದೇ. "ಅವರು ಇಂಜಿನಿಯರಿಂಗ್ ಬಿಟ್ಟು ಫಿಸಿಕ್ಸಿಗೆ ಬಂದರು, ನೀನು ಉಲ್ಟಾ ಹೋಗ್ತಿ. ಆಗಲಿ. ಲಿಸ್ಟ್ ಪೋಸ್ಟಲ್ಲಿ ಬರ್ತದೆ."

ಬಸ್ಸಿಗೆ ಹೊತ್ತಿತ್ತು. ಮಳೆಯೂ ಹೊಳವಾಗಿತ್ತು. ಬಾವುಟಗುಡ್ಡೆ ಹತ್ತಿ ಅಲೋಶಿಯಸ್‌ನ ಚಾಪೆಲ್ ನೋಡಿಕೊಂಡು ಬರೋಣ ಅಂತ ಹೊರಟೆವು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಮಾತಾಡದೆ ಹಿಂದೆ ನಡೆದೆ. ಒಳಗೆ ಕಾಲಿಟ್ಟರೆ ಬಾಯಿ ಕಟ್ಟಿತು. ಇಟಲಿಯಿಂದ ಬಂದ ಬ್ರದರ್ ಮೊಸ್ಕೇನಿ ಅನ್ನುವವರು ನೂರು ವರ್ಷದ ಹಿಂದೆ ಬಿಡಿಸಿದ್ದು. ಗೋಡೆ, ಕಮಾನು, ನೆತ್ತಿಯ ಮೇಲಿನ ಸೂರು, ಎಲ್ಲಿ ನೋಡಿದರೂ ಚಿತ್ರ. ಅಪ್ಪಯ್ಯ ಕತ್ತು ಮೇಲೆತ್ತಿ ನಿಧಾನಕ್ಕೆ ಒಂದು ಸುತ್ತು ಬಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ನೋಡು, ಒಂದು ಕಾಲಂ ಖಾಲಿ ಬಿಟ್ಟಿದಾರಾ?" ಅಂದರು.

ಹೊರಗೆ ಬಂದರೆ ಜಡಿಮಳೆ. ಅಪ್ಪಯ್ಯ ಬಗಲು ಮುಟ್ಟಿ ನೋಡಿಕೊಂಡರು. ಕೊಡೆ ಇಲ್ಲ. ಕಾಲೇಜಿನಲ್ಲೇ ಬಿಟ್ಟಿದ್ದೆವು. ಓಡಿದೆವು, ಆಫೀಸು ಬಾಗಿಲು ಹಾಕಿತ್ತು. ತೀರ್ಥಹಳ್ಳಿ ತನಕ ಒದ್ದೆ ಪಂಚೆಯಲ್ಲೇ ಕೂತಿದ್ದರು. ಬೈಯಬೇಕು ಅಂತ ಕೂಡಿಟ್ಟಿದ್ದ ಮಾತೆಲ್ಲ ನನ್ನ ಬಾಯಲ್ಲೇ ಉಳಿಯಿತು.

ಸೀಟು ಬಂತು. ಜನರಲ್ ಮೆರಿಟ್‌ನಲ್ಲಿ. ಸೇರಿದೆ, ಎರಡು ತಿಂಗಳು ಫಿಸಿಕ್ಸ್ ಓದಿದೆ, ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಸಿಇಟಿ ಕೌನ್ಸೆಲಿಂಗ್‌ನಲ್ಲಿ ಮೆಕ್ಯಾನಿಕಲ್ ಫ್ರೀ ಸೀಟು ಸಿಕ್ಕಿತು. ಟಿಸಿ ತರಲು ಅಪ್ಪಯ್ಯ ಜೊತೆಗೆ ಬಂದರು, ಬೇಡ ಅಂದರೂ ಬಂದರು. ಟಿಸಿಗೂ ಒಂದು ಫಾರಂ. ಕಾಲೇಜು ಬಿಡಲು ಕಾರಣ ಅನ್ನುವಲ್ಲಿ ನಾನೇ ಬರೆದೆ. ಕಟ್ಟಿದ ಫೀಸು ವಾಪಸ್ ಇಲ್ಲ ಅಂತ ಕೌಂಟರಿನಲ್ಲಿ ಮೊದಲೇ ಹೇಳಿಬಿಟ್ಟಿದ್ದರು, ಅದು ಇನ್ನೊಂದು ಸಂಕಟ. ಕೊನೆಯ ಕಾಲಂ: ಬಾಕಿ ಏನಾದರೂ ಇದೆಯೇ? ಇಲ್ಲ ಅಂತ ಬರೆಯುವಷ್ಟರಲ್ಲಿ ಅಪ್ಪಯ್ಯ ಪೆನ್ನು ಕಸಿದುಕೊಂಡರು. 'ಇದೆ. ಕೊಡೆ ಒಂದು. ಕಾಲೇಜಿನಿಂದ ನಮಗೆ ಬರತಕ್ಕದ್ದು.'

ಕ್ಲರ್ಕ್ ಮೇಡಂ ಅದನ್ನು ಓದಿದರು. ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. ಏನೂ ಮಾತಾಡದೆ ಎದ್ದು ಒಳಗೆ ಹೋಗಿ, ಗೋದ್ರೆಜ್ ಬೀರುವಿನ ಹಿಂದಿನಿಂದ ಅದೇ ಕಪ್ಪು ಕೊಡೆ ತಂದು ಮೇಜಿನ ಮೇಲಿಟ್ಟರು. ಬೆತ್ತದ ಹಿಡಿಗೆ ದಾರ ಕಟ್ಟಿ ಒಂದು ರಟ್ಟಿನ ಚೀಟಿ ತೂಗುಹಾಕಿದ್ದರು. ಅದರ ಮೇಲೆ ಫಾದರ್ ಅಕ್ಷರದಲ್ಲಿ ಎರಡೇ ಪದ: ತೀರ್ಥಹಳ್ಳಿ ಪ್ಯಾರಿಷ್.