ಚಳಿಗಾಲದಲ್ಲಿ ನೀರು ನಿಲ್ಲಿಸಿ, ಆಮೇಲೆ ಹೂ ನೋಡಿ
ಕಳ್ಳಿ ಗಿಡಗಳನ್ನು ಬೆಳೆಸುವ ಬಗ್ಗೆ ನೀವು ಬರೆದದ್ದು ಓದಿ ಖುಷಿಯಾಯಿತು. ಆದರೆ ಅದರಲ್ಲಿನ 'ವರ್ಷವಿಡೀ ವಾರಕ್ಕೊಮ್ಮೆ ನೀರು ಹಾಕಿ' ಅನ್ನೋ ಸಲಹೆಯನ್ನು ನಾನು ಒಪ್ಪುವುದಿಲ್ಲ. ಫೆಬ್ರುವರಿ-ಮಾರ್ಚ್‌ನಲ್ಲಿ ಹೂ ಬೇಕು ಅಂದರೆ ಚಳಿಗಾಲದಲ್ಲಿ ಮಣ್ಣು ಒಣಗಿರಬೇಕು. ನಮ್ಮ ಬಯಲುಸೀಮೆಯ ಹವೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಚಿತ್ರದುರ್ಗದ ನಮ್ಮ ತಾರಸಿಯಲ್ಲಿ ಹಿಂಗಾರು ಮುಗಿದ ಮೇಲೆ ಮ್ಯಾಮಿಲೇರಿಯಾ ಅನ್ನೋ ಪುಟ್ಟ ಕಳ್ಳಿ ಜಾತಿಯ ಕುಂಡಗಳಿಗೆ ನೀರು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತೇನೆ. ತೀರಾ ಚಿಕ್ಕ ಕುಂಡಕ್ಕೆ ಮಾತ್ರ ತಿಂಗಳಿಗೊಮ್ಮೆ ಒಂದು ಗುಟುಕು. ಗಿಡ ಸೊರಗುತ್ತದೆ, ಸ್ವಲ್ಪ ಸುಕ್ಕುಗಟ್ಟುತ್ತದೆ. ಹೆದರಬೇಡಿ. ಶಿವರಾತ್ರಿ ಹೊತ್ತಿಗೆ ನೆತ್ತಿಯ ಸುತ್ತ, ಮುಳ್ಳುಗಳ ಸಂದಿಯಲ್ಲಿ ಸಾಸಿವೆಯಷ್ಟು ಕೆಂಪು ಮೊಗ್ಗು ಇಣುಕುತ್ತವೆ. ನೋಡನೋಡುತ್ತ ಗಿಡದ ಸುತ್ತ ಗುಲಾಬಿ ಬಣ್ಣದ ಹೂವಿನ ಬಳೆ! ಈ ಮೊಗ್ಗು ಬರುವುದು ಹಿಂದಿನ ವರ್ಷ ಬೆಳೆದ ಭಾಗದಲ್ಲಿ. ಹಾಗಾಗಿ ಬೆಳೆಯುವ ಕಾಲದಲ್ಲಿ ನೀರಿಗೆ ಜಿಪುಣತನ ಬೇಡ, ಕುಂಡದಲ್ಲಿ ನಿಲ್ಲದಿದ್ದರೆ ಸಾಕು.

'ಹೂವಿರುವ ಗಿಡವನ್ನೇ ಕೊಳ್ಳಿ' ಎಂದೂ ಬರೆದಿದ್ದೀರಿ. ಕೊಳ್ಳುವ ಮುಂಚೆ ಎಸಳನ್ನು ಮೆಲ್ಲಗೆ ಮುಟ್ಟಿ ನೋಡಿ. ಗರಗರ ಅಂದರೆ ಅದು ಅಂಟಿಸಿದ ಒಣ ಹೂ. ದಾವಣಗೆರೆಯಲ್ಲೂ ಇಂಥವು ಮಾರಾಟಕ್ಕಿದ್ದದ್ದನ್ನು ಕಂಡಿದ್ದೇನೆ. ಕಳ್ಳಿ ಬೆಳೆಯುವುದೇ ನಡುನೆತ್ತಿಯಿಂದ. ಅಲ್ಲಿಗೇ ಬಿಸಿ ಅಂಟು ಸುರಿದರೆ ಗಿಡ ಹಾಳಾಗುತ್ತದೆ ಅಲ್ವಾ? ಮಾರುವವರು ದಯವಿಟ್ಟು ಇದನ್ನು ನಿಲ್ಲಿಸಲಿ.

ಇನ್ನು ಮನೆಯೊಳಗೆ ಟೇಬಲ್ ಮೇಲಿಟ್ಟ ಗಿಡಕ್ಕೆ ಬರೀ ನೀರು ನಿಲ್ಲಿಸಿದರೆ ಸಾಲದು. ಬೆಳಗಿನ ಬಿಸಿಲು ಬೇಕೇ ಬೇಕು.