"ಸ್ವಲ್ಪ ಜುಮ್ಮೆನ್ನುತ್ತದೆ ಸಾರ್, ಅಷ್ಟೇ"

ಹೋದ ವರ್ಷ ಮನೆಯ ಮೇಲೆ ಮಹಡಿ ಕಟ್ಟಿಸುತ್ತಿದ್ದಾಗ ಕಿಟಕಿಯ ಗ್ರಿಲ್ ಕೆಲಸಕ್ಕೆ ಒಬ್ಬ ಹುಡುಗ ಬರುತ್ತಿದ್ದ. ಸರಳು ಕತ್ತರಿಸುವ ಅವನ ಕಟಿಂಗ್ ಮಷಿನ್ನಿನದು ಪೂರ್ತಿ ಲೋಹದ ಮೈ. ಕ್ಯೂರಿಂಗ್ ನೀರು ಇನ್ನೂ ಆರದ ನೆಲದ ಮೇಲೆ ಸವೆದ ಹವಾಯಿ ಚಪ್ಪಲಿ ಮೆಟ್ಟಿ ನಿಂತಿದ್ದ. ಮಷಿನ್ ಮುಟ್ಟಿದಾಗಲೆಲ್ಲ ಕೈ ಹಿಂದಕ್ಕೆಳೆದು ಮತ್ತೆ ಹಿಡಿಯುತ್ತಿದ್ದ. ಯಾಕಪ್ಪಾ ಎಂದು ಕೇಳಿದೆ. "ಸ್ವಲ್ಪ ಜುಮ್ಮೆನ್ನುತ್ತದೆ ಸಾರ್, ಅಷ್ಟೇ. ಅಭ್ಯಾಸವಾಗಿದೆ" ಎಂದ.

ಕೆಲಸ ನಿಲ್ಲಿಸಿ ವೈರಿನ ಜಾಡು ಹಿಡಿದು ಹೋದೆ. ಮಷಿನ್ನಿಗೆ ಮೂರು ಪಿನ್ನಿನ ಪ್ಲಗ್ ಇತ್ತು. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿಯೂ ಮೂರು ತೂತುಗಳಿದ್ದವು. ಆದರೆ ಬಾಕ್ಸಿನಿಂದ ಬೋರ್ಡಿಗೆ ಎಳೆದಿದ್ದದ್ದು ಒಂದು ಕೆಂಪು, ಒಂದು ಕಪ್ಪು, ಎರಡೇ ಎಳೆ. ಮೈಗೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಹಸಿರು ಅರ್ಥ್ ವೈರೇ ಇಲ್ಲ. ಆ ದಪ್ಪ ಅರ್ಥ್ ಪಿನ್ ಹೋಗಿ ಕೂರುತ್ತಿದ್ದದ್ದು ಖಾಲಿ ತೂತಿನಲ್ಲಿ. ಆ ಬಾಕ್ಸನ್ನು ಅವನಿಗೆ ಕೊಟ್ಟವನು ನಾನೇ.

ಅರ್ಥ್ ಪಿನ್ನನ್ನು ಉಳಿದೆರಡಕ್ಕಿಂತ ಉದ್ದ ಮಾಡಿರುವುದು ಸುಮ್ಮನೆ ಅಲ್ಲ. ಪ್ಲಗ್ ಹಾಕುವಾಗ ಮೊದಲು ಅದೇ ತಾಗಬೇಕು, ಕೀಳುವಾಗ ಕೊನೆಗೆ ಅದೇ ಬಿಡಬೇಕು. ಒಂದು ಕ್ಷಣವೂ ಮಷಿನ್ನಿನ ಮೈ ಕಾವಲಿಲ್ಲದೆ ಇರಬಾರದೆಂದು ಮಾಡಿದ ಏರ್ಪಾಡು ಅದು.

"ಎಂಸಿಬಿ ಇದೆಯಲ್ಲ" ಎನ್ನುವವರು ಬಹಳ. ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಆ ಸ್ವಿಚ್ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಒದ್ದೆ ಮೈ ಕರೆಂಟಿಗೆ ಒಡ್ಡುವ ತಡೆ, ಅಂದರೆ ರೋಧ, ಸಾವಿರ ಓಮಿನಷ್ಟಿದ್ದರೆ 230 ವೋಲ್ಟಿಗೆ ಅದರಲ್ಲಿ ಹರಿಯುವುದು 230 ಮಿಲಿಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಹೃದಯ ನಿಲ್ಲಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಅರ್ಥ್ ಇದ್ದರೂ ಅದರ ವೈರ್ ನೆಲಕ್ಕಿಳಿಯುವ ಗುಂಡಿ ಬೇಸಿಗೆಯಲ್ಲಿ ಒಣಗಿ ಅದರ ರೋಧ 10 ಓಮಿಗೆ ಏರಿದ್ದರೆ ಹರಿಯುವುದು 23 ಆಂಪಿಯರ್, ಅದಕ್ಕೂ ಎಂಸಿಬಿ ಕೂಡಲೇ ಬೀಳುವುದಿಲ್ಲ. ಆದ್ದರಿಂದ ಅರ್ಥ್ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ ಬೇಕೇ ಬೇಕು. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬಂದಿತೇ ಎಂದು ಅದು ನೋಡುತ್ತಲೇ ಇರುತ್ತದೆ. ಕಡಿಮೆಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ.

ಚೌಕದೊಳಗೆ ಚೌಕದ ಗುರುತಿರುವ ಡ್ರಿಲ್ಲಿಂಗ್ ಮಷಿನ್ನುಗಳಿಗೆ ಎರಡು ಪದರದ ಇನ್ಸುಲೇಷನ್ ಇರುವುದರಿಂದ ಅರ್ಥ್ ಬೇಕಿಲ್ಲ. ಆ ಗುರುತಿಲ್ಲದ ಲೋಹದ ಮೈಗೆಲ್ಲ ಬೇಕು.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದು ಕೆಲಸಕ್ಕೆ. ಅರ್ಥ್ ವೈರ್ ಎಳೆಯಲು ಸೋಮಾರಿತನಪಟ್ಟು ಸಾಕೆಟ್ಟಿನೊಳಗೇ ನ್ಯೂಟ್ರಲಿನಿಂದ ಅರ್ಥಿಗೆ ತುಂಡು ವೈರ್ ಕೊಟ್ಟುಬಿಡುತ್ತಾರೆ. ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಆದರೆ ಸಾಕೆಟ್ಟಿಗಿಂತ ಹಿಂದೆ, ಬೋರ್ಡಿನ ಕಡೆ ಎಲ್ಲೋ ನ್ಯೂಟ್ರಲ್ ಕಡಿದ ದಿನ ಆ ತುಂಡಿನ ಮೂಲಕ ಮಷಿನ್ನಿನ ಮೈಗೇ 230 ವೋಲ್ಟ್ ಬರುತ್ತದೆ. ಇದನ್ನು ಮಾಡುವ ಎಲೆಕ್ಟ್ರಿಷಿಯನ್ನನ್ನು ಮತ್ತೆ ಮನೆಯೊಳಗೆ ಬಿಡಬೇಡಿ.

ಕೆಲಸದವರ ಮಷಿನ್ ಅವರದಿರಬಹುದು, ಕರೆಂಟ್ ನಮ್ಮದು. ನಮ್ಮ ಬೋರ್ಡಿನಿಂದ ಹೊರಟ ವೈರಿಗೆ ಹೊಣೆ ನಾವೇ. ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುವ ನಾವು ಮೂರೆಳೆ ವೈರಿಗೆ ಹಿಂದೆ ಮುಂದೆ ನೋಡಬಾರದು.

ಆ ಸಂಜೆಯೇ ವೈರ್ ಬದಲಿಸಿ, ಆರ್‌ಸಿಸಿಬಿ ಹಾಕಿಸಿದೆ. ಮರುದಿನ ಹುಡುಗ ಪ್ಲಗ್ ಒತ್ತಿ ಸ್ವಿಚ್ ಹಾಕಿದ್ದೇ ತಡ, ಆರ್‌ಸಿಸಿಬಿ ಟಪ್ಪೆಂದು ಬಿತ್ತು. ಮಷಿನ್ ಬಿಚ್ಚಿದೆವು. ವೈರ್ ಒಳಹೋಗುವ ಕಡೆ ಇನ್ಸುಲೇಷನ್ ಸವೆದು, ತಾಮ್ರದ ಎಳೆಗಳು ಮೈಗೆ ತಾಗುತ್ತಿದ್ದವು. ಅಷ್ಟು ದಿನ ಅವನನ್ನು ಉಳಿಸಿದ್ದು ಕಾಲಡಿಯ ಆ ಚಪ್ಪಲಿ. ಜುಮ್ಮೆನ್ನುವುದು ಯಾವಾಗಿನಿಂದ ಎಂದು ಕೇಳಿದೆ.

"ಮಳೆಗಾಲಕ್ಕೂ ಮೊದಲಿನಿಂದ ಸಾರ್" ಎಂದ.