ಖಾನಾಪುರ ಹತ್ತಿರ ಬಂತು!

ಬೆಳಗಾವಿಯ ದಂಡು ಪ್ರದೇಶ ಕ್ಯಾಂಪಿನ ಮೂಲೆಯಲ್ಲಿ ಊರಿನ ದೂರ ತೋರಿಸುವ ಆ ಹಳೇ ಬೀಡುಕಬ್ಬಿಣದ (ಎರಕದ ಕಬ್ಬಿಣದ) ಬೋರ್ಡಿಗೆ ಕೊನೆಗೂ ‘ಜೀರ್ಣೋದ್ಧಾರ’ ಆಯಿತು. ಉದ್ಘಾಟನೆಯ ಫೋಟೊದಲ್ಲಿ ಎಲ್ಲ ಇದೆ: ರಿಬ್ಬನ್, ಕತ್ತರಿ, ತೆಂಗಿನಕಾಯಿ, ಹಿಂದೆ ಕುಂದಾ ಮೆತ್ತಿದ ಹಾಗೆ ಹಳದಿ ಬಣ್ಣ. ಖಾನಾಪುರಕ್ಕೆ 16 ಮೈಲಿ ಎಂದಿದ್ದದ್ದು ಈಗ 16 ಕಿಲೋಮೀಟರ್. ಮೈಲಿ ಅನ್ನುವ ಅಕ್ಷರಗಳನ್ನು ಗ್ರೈಂಡರ್ ಹಚ್ಚಿ ಸವೆಸಿ, ಆ ಜಾಗದಲ್ಲಿ ಕಿ.ಮೀ. ಬರೆದರು. ಅಂಕಿ ಮಾತ್ರ ಮುಟ್ಟಲಿಲ್ಲ. ಪಾರಂಪರಿಕ ವಸ್ತು ನೋಡ್ರಿ. ದೇಶ ಮೈಲಿ ಬಿಟ್ಟು ಮೆಟ್ರಿಕ್ಕಿಗೆ ಬಂದ ಕಾಲದಲ್ಲಿ ಪಾಪ ಗುಮಾಸ್ತರು ಕೂತು 1.6ರಿಂದ ಗುಣಿಸುತ್ತಿದ್ದರು. ನಮ್ಮವರು ಒಂದು ಡಬ್ಬಿ ಬಣ್ಣದಲ್ಲಿ ಖಾನಾಪುರವನ್ನೇ ಹತ್ತು ಕಿಲೋಮೀಟರ್ ಈಚೆ ಎಳೆದು ತಂದರು. ಖಾನಾಪುರದಾಚೆಯ ಲೋಂಡಾದವರೂ ಒಂದು ಅರ್ಜಿ ಕೊಟ್ಟು ನೋಡಬಹುದು.

ಬಣ್ಣದ ವಿಷಯ. ಎರಕದ ಬೋರ್ಡಿನಲ್ಲಿ ಅಕ್ಷರ ಬರೆದದ್ದಲ್ಲ, ಉಬ್ಬಿದ್ದು. ಹೆಚ್ಚೆಂದರೆ ನಾಲ್ಕೈದು ಮಿಲಿಮೀಟರ್. ಹಳೇ ಬಣ್ಣ ಪೂರ್ತಿ ತೆಗೆಯದೆ ಮೇಲಿಂದ ಮೇಲೆ ಬಳಿದರೆ, ಗುಂಡಿಗೆಲ್ಲ ಪುಟ್ಟಿ ತುಂಬಿದರೆ, ಆ ಉಬ್ಬು ಮುಳುಗುತ್ತದೆ. ಮುಳುಗಿದೆ. ಬೋರ್ಡು ಯಾವ ಭಾಷೆಯಲ್ಲಿರಬೇಕು ಎಂದು 1956ರಿಂದ ಜಗಳಾಡುತ್ತಿರುವ ಊರಿನಲ್ಲಿ ಈಗ ಯಾವ ಭಾಷೆಯಲ್ಲೂ ಓದಲಾಗದ ಬೋರ್ಡು ನಿಂತಿದೆ. ಎರಡೂ ಕಡೆಯವರು ಸುಮ್ಮನಿದ್ದಾರೆ. ಗಡಿ ಸಮಸ್ಯೆಗೆ ಇಷ್ಟು ಅಗ್ಗದ ಪರಿಹಾರ ಯಾವ ಆಯೋಗಕ್ಕೂ ಹೊಳೆದಿರಲಿಲ್ಲ.

ಸರಿಯಾದ ಕೆಲಸ ಕಷ್ಟದ್ದೇನಲ್ಲ, ಬೇಸರದ್ದು. ಬಣ್ಣ ಮೆತ್ತಗಾಗಿಸುವ ರಿಮೂವರ್ ಹಚ್ಚಿ, ಕಾಯ್ದು, ಪದರ ಪದರ ಕೆರೆಯಬೇಕು. ಮೂಲೆಗಳಿಗೆ ಹಿತ್ತಾಳೆ ತಂತಿಯ ಬ್ರಶ್. ಒಂದು ಮೂಲೆಯಲ್ಲಿ ಅಂಗೈಯಷ್ಟು ಜಾಗವನ್ನು ಹುಷಾರಾಗಿ ಕೆರೆದರೆ ಮೊದಲ ಬಣ್ಣ ಯಾವುದಿತ್ತು ಅನ್ನೋದೂ ಸಿಗುತ್ತದೆ. ಕಬ್ಬಿಣ ಬೆತ್ತಲಾದ ಮೇಲೆ ಚಹಾಕ್ಕೆ ಹೋಗುವಂತಿಲ್ಲ. ಬೆಳಗಾವಿಯ ಜಿಟಿಜಿಟಿ ಹವೆಯಲ್ಲಿ ಕೆಲವೇ ತಾಸಿನಲ್ಲಿ ಕೇಸರಿ ತುಕ್ಕು ಮೂಡುತ್ತದೆ, ಅದರ ಮೇಲೆ ಹಚ್ಚಿದ್ದೆಲ್ಲ ಹಪ್ಪಳದ ಹಾಗೆ ಏಳುತ್ತದೆ. ಅವತ್ತೇ ಜಿಂಕ್ ಫಾಸ್ಫೇಟ್ ಪ್ರೈಮರ್, ತೆಳ್ಳಗೆ ಎರಡು ಕೋಟು. ಒಣಗಿದ ಮೇಲೆ ಎನಾಮೆಲ್ ಎರಡು. ಅಕ್ಷರದ ಕಪ್ಪು ಎಲ್ಲಕ್ಕೂ ಕೊನೆಗೆ. ಗಟ್ಟಿ ಸಣ್ಣ ರೋಲರಿಗೆ ಬಣ್ಣ ತಾಗಿತೋ ಇಲ್ಲವೋ ಅನ್ನುವಷ್ಟು ಹಚ್ಚಿ ಉಬ್ಬಿನ ಮೇಲಷ್ಟೇ ಉರುಳಿಸಿದರೆ ಮುಗಿಯಿತು.

ವೆಲ್ಡಿಂಗ್ ಅಂತೂ ಅಮೋಘ. ಸೀಳಿದ ಮೂಲೆಗೆ ಗೇಟು ಬೆಸೆಯುವ ಸಾದಾ ರಾಡು! ಬೀಡಿನಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ. ಹಾಗೆ ಸುಟ್ಟು ಹಾಗೇ ತಣಿಯಲು ಬಿಟ್ಟರೆ ಬೆಸುಗೆಯ ಪಕ್ಕ ಗಾಜಿನಂತಾಗಿ ‘ಟಣ್’ ಎನ್ನುತ್ತದೆ. ಎಂದಿತು, ಹೊಸ ಸೀಳು ಹಳೆಯದರ ಅಣ್ಣ. ಸೀಳಿನ ತುದಿಗೆ ಮೂರು ಮಿಲಿಮೀಟರ್ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಆಮೇಲೆ ನಿಕ್ಕಲ್ ರಾಡು, ಒಂದು ಸಲಕ್ಕೆ ಒಂದಿಂಚು, ಬಿಸಿಯಿರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟು, ಕಡೆಗೆ ಒಣ ಬೂದಿಯಲ್ಲಿ ಹೂತು ಮರುದಿನ ತೆಗೆ.

ಇದನ್ನು ಬಲ್ಲವರನ್ನು ಹುಡುಕಲು ವಿಲಾಯತಿಗೆ ಹೋಗಬೇಕೇ? ಊರಿನದೇ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿಗಳಲ್ಲಿ ದಿನಾ ಬೀಡು ಕರಗುತ್ತದೆ. ಒಡೆದ ಅಕ್ಷರವನ್ನೇ ಅಚ್ಚಿಗಿಟ್ಟರೆ ಹೊಸದು ತಣಿದು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಆದ್ದರಿಂದ ಪ್ಯಾಟರ್ನು, ಅಂದರೆ ಅಚ್ಚು ತೆಗೆಯುವ ಮಾದರಿ, ಅಷ್ಟು ದೊಡ್ಡದಿರಬೇಕು ಅನ್ನೋದನ್ನು ಅಲ್ಲಿಯ ಪ್ಯಾಟರ್ನ್ ಮಿಸ್ತ್ರಿ ನಿದ್ದೆಗಣ್ಣಿನಲ್ಲೂ ಹೇಳುತ್ತಾನೆ. ಯಾರೂ ಕೇಳಲಿಲ್ಲ. ಕೇಳಿದ್ದರೆ ಬಿಲ್ಲು ಸಣ್ಣದಾಗುತ್ತಿತ್ತು.

ಇಷ್ಟಕ್ಕೆಲ್ಲ ನಗಬಹುದು. ಆದರೆ ಆ ಗ್ರೈಂಡರ್ ಹಿಡಿದ ಹುಡುಗ, ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ದಿನವಿಡೀ ಹಳೇ ಬಣ್ಣ ಉಜ್ಜಿದ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತು. ಒಣ ಉಜ್ಜಿದರೆ ಅದು ಧೂಳಾಗಿ ನೇರ ಎದೆಗೆ ಹೋಗುತ್ತದೆ, ಪಕ್ಕದ ಗಾಡಿಯ ಮಿರ್ಚಿಯ ಮೇಲೂ ಕೂರುತ್ತದೆ. ಒದ್ದೆ ಮಾಡಿ ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಸಿರಿ, ಅವನಿಗೊಂದು ಸರಿಯಾದ ಮಾಸ್ಕ್ ಕೊಡಿ. ಉದ್ಘಾಟನೆಯ ಹಾರದ ದುಡ್ಡಿಗೆ ಬರುತ್ತಿತ್ತು. ಅವನ ಹೆಸರು ಫಲಕದಲ್ಲೂ ಇಲ್ಲ. ಫಲಕ ಗ್ರಾನೈಟಿನದು, ಬೋರ್ಡಿಗಿಂತ ದೊಡ್ಡದು, ಅಕ್ಷರ ಆಳವಾಗಿ ಕೆತ್ತಿದ್ದು, ದೂರದಿಂದಲೂ ಚೊಕ್ಕಾಗಿ ಓದಬಹುದು.

ಇನ್ನೆರಡು ಬೋರ್ಡು ಉಳಿದಿವೆಯಂತೆ. ಅವಕ್ಕೂ ಟೆಂಡರು ಕರೆದಿದ್ದಾರೆ. ಕೆಲಸ ಶುರುವಾಗುವುದು ಜುಲೈಯಲ್ಲಿ.